ಹನ್ನೆರಡನೆಯ ಬೊಟ್ಟು

ಆರ್.ಟಿ. ನಗರದ ಮಂಜೂರನ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಅಲ್ಲಿಂದ ಮುಷ್ಟಿಗೆ ಇಳಿಯಲು ಅದಕ್ಕೆ ಹೆಚ್ಚು ಹೊತ್ತು ಬೇಕಿರಲಿಲ್ಲ. ಅಪ್ಪ ಅಕ್ಬರ್ ಪಾಷಾ ಲಾರಿ ಮೆಕ್ಯಾನಿಕ್. ಹಾಡದ ರೇಡಿಯೋಗೆ ಎರಡು ಬಾರಿಸುತ್ತಿದ್ದ, ಓದದ ಮಗನಿಗೆ ನಾಲ್ಕು. ರೇಡಿಯೋ ಹಾಡಿತು, ಮಗನೂ ಓದಿದ. ಇನ್ನೇನು ಬೇಕು, ಏಟು ಬಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ಆ ಮನೆಯವರೆಲ್ಲ ನಂಬಿಬಿಟ್ಟರು. ಒಮ್ಮೆ ಮಂಜೂರ್ ಹೆಬ್ಬಾಳದ ಬಸ್ಸಿನಲ್ಲಿ ಕಾಲು ತುಳಿದನೆಂದು ಒಬ್ಬನ ಹಲ್ಲು ಉದುರಿಸಿದ. ತುಳಿದವನು ಪಕ್ಕದವನು ಎಂದು ತಿಳಿದ ಮೇಲೆ ಪಕ್ಕದವನಿಗೂ ಒಂದು ಬಿಟ್ಟ!

ಇಂಥ ಪುಣ್ಯಾತ್ಮನನ್ನು ಯಶವಂತಪುರದ ಪಂಪುಸೆಟ್ ಕಾರ್ಖಾನೆಯೊಂದು ೧೯೮೬ರಲ್ಲಿ ತನ್ನ ಹೊಸ ಕಂಪ್ಯೂಟರಿನ ಮುಂದೆ ತಂದು ಕೂರಿಸಿತು. ಬೀರುವಿನಷ್ಟು ದೊಡ್ಡ ಯಂತ್ರ. ಇನ್ನೂರು ಕೆಲಸಗಾರರ ಹೆಸರು, ಪಾಳಿ, ಬಂದ ಹೊತ್ತು ಎಲ್ಲವೂ ಅದರ ಹೊಟ್ಟೆಯೊಳಗೆ. ಬೆಳಗಿನ ಪಾಳಿ ಏಳಕ್ಕೆ. ನಲವತ್ತು ದಿನ ಮುಷ್ಕರ ಹೂಡಿ, ಲಾಠಿ ಏಟು ತಿಂದು, ಕೆಲಸಗಾರರು ಕಾಲು ಗಂಟೆಯ ವಿನಾಯಿತಿ ಗೆದ್ದಿದ್ದರು. ಏಳೂಕಾಲರೊಳಗೆ ಬಂದವರನ್ನು 'ತಡ' ಎನ್ನಬಾರದು. ಮಂಜೂರನೇ ಯಂತ್ರದಲ್ಲಿ ಏಳನ್ನು ಅಳಿಸಿ ಏಳೂಕಾಲು ಮಾಡಿದ.

ಆದರೆ ಆ ಏಳೂಕಾಲು ನಿಲ್ಲಲಿಲ್ಲ. ಎಂಟು ಹತ್ತು ದಿನಕ್ಕೊಮ್ಮೆ ತಾನಾಗಿಯೇ ಏಳಕ್ಕೆ ಹೋಗುತ್ತಿತ್ತು. ಮಧ್ಯಾಹ್ನ ಪಟ್ಟಿ ಅಚ್ಚಾಗಿ ಬಂದರೆ ಅರವತ್ತು ಎಪ್ಪತ್ತು ಜನ 'ತಡ'. ಮೂರು ಸಲ ತಡವಾದರೆ ಕೆಲಸದಿಂದ ಅಮಾನತು. ಮಂಜೂರ್ ಪಾಸ್‌ವರ್ಡ್ ಬದಲಿಸಿದ, ಬಾಗಿಲಿನ ಬೀಗ ಬದಲಿಸಿದ, ತಂತಿಗಳನ್ನೆಲ್ಲ ಬಿಚ್ಚಿ ಸಿಕ್ಕಿಸಿದ. ಹೀಗಾದ ತಾರೀಖನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಏನೂ ಗೊತ್ತಾಗಲಿಲ್ಲ.

ಹನ್ನೊಂದನೆಯ ಸಲ ಕಾರ್ಮಿಕರ ಮುಖಂಡ ವೀರಬಸಪ್ಪ ಎಸೆದ ಕಬ್ಬಿಣದ ತುಂಡು ಕಿಟಕಿಯ ಗಾಜು ಒಡೆದು ಒಳಗೆ ಬಿತ್ತು. "ಯಾವನೋ ಅವ್ನು ಟೈಮ್ ತಿದ್ದೋನು? ಶನಿವಾರದೊಳಗೆ ಹೆಸರು ಹೇಳು ಮಗಾ. ಇಲ್ಲಾಂದ್ರೆ ನೀನೇ ಅಂತ ತಿಳ್ಕೊಂಡು ಕೈ ಕತ್ತರಿಸ್ತೀವಿ!"

ಆ ಕೋಣೆಯ ಹೊಸ ಬೀಗದ ಇನ್ನೊಂದು ಕೀ ಇದ್ದದ್ದು ಕಸ ಗುಡಿಸುವ ಮುನಿಆಂಜಿನಪ್ಪನ ಬಳಿ ಮಾತ್ರ. ಅಮೃತಹಳ್ಳಿಯವನು, ಐವತ್ತು ದಾಟಿದವನು. ಬೆಳಗ್ಗೆ ಮಂಜೂರ್ ಹಾಜರಿ ಕಾರ್ಡುಗಳನ್ನು ನೋಡಿ ಕೆಲಸಗಾರರು ಬಂದ ಹೊತ್ತು ತುಂಬಿಸುವಾಗ ಯಂತ್ರ ಕೆಲವೊಮ್ಮೆ ಮಂಕು ಬಡಿದಂತೆ ನಿಲ್ಲುತ್ತಿತ್ತು. ಮಂಜೂರ್ ಅದರ ಪಕ್ಕೆಗೆ ಒಂದು ಗುದ್ದುತ್ತಿದ್ದ, ಅದು ಮತ್ತೆ ಓಡುತ್ತಿತ್ತು. ಆಗೆಲ್ಲ ಮುನಿಆಂಜಿನಪ್ಪ ಪೊರಕೆ ಬಿಟ್ಟು ಓಡಿ ಬಂದು, ಯಂತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಕುಂಕುಮದ ಬೊಟ್ಟು ಇಡುತ್ತಿದ್ದ. "ಅನ್ನ ಕೊಡೋ ಆಯುಧ ಸಾ, ಒಡೀಬಾರ್ದು. ಅಮಾಸೆ ದಿನ ಬೊಟ್ಟಿಗೊಂದು ಬಿಲ್ಲೆ ಕರ್ಪೂರ ಅಚ್ಚಿ ತಪ್ಪಾಯ್ತು ಅಂತೀನಿ." ಮಂಜೂರ್ ಹಲ್ಲು ಕಿರಿಯುತ್ತಿದ್ದ.

ಗುರುವಾರ ಅದೇ ಮನುಷ್ಯನ ಕುತ್ತಿಗೆಪಟ್ಟಿ ಹಿಡಿದ. "ಬೊಗಳು! ಎಷ್ಟು ಕೊಟ್ರು ನಿಂಗೆ?"

"ತಾಯಾಣೆಗೂ ನಾನಲ್ಲ ಸಾ, ಒಡೀಬ್ಯಾಡಿ—"

ಮಾತು ಮುಗಿಯುವ ಮೊದಲೇ ತುಟಿ ಒಡೆದಿತ್ತು. ತಡೆಯಲು ಎತ್ತಿದ ಬಲಗೈಯನ್ನು ಮಂಜೂರ್ ಹಿಂದಕ್ಕೆ ತಿರುಚಿದ, ಮೂಳೆ ಲಟಕ್ಕೆಂದಿತು. ಮುದುಕ ನೆಲಕ್ಕೆ ಬಿದ್ದ ಮೇಲೂ ಒದ್ದ. ಆಮೇಲೆ ಅವನನ್ನು ಅಲ್ಲೇ ಬಿಟ್ಟು, ಹೊರಗೆ ಹೋಗಿ ವೀರಬಸಪ್ಪನಿಗೆ ಹೆಸರು ಹೇಳಿದ.

ಶನಿವಾರ ಬೆಳಗ್ಗೆ ಯಂತ್ರ ಮತ್ತೆ ನಿಂತಿತು. ಗುದ್ದಲು ಕೈ ಎತ್ತಿದವನ ಕಣ್ಣು ಕ್ಯಾಲೆಂಡರಿನ ಮೇಲೆ ಬಿತ್ತು. ಕೆಂಪು ಬೊಟ್ಟುಗಳು. ತಾನು ಗುದ್ದಿದ ದಿನಗಳು. ನೋಟ್‌ಬುಕ್ ತೆಗೆದು ಒಂದೊಂದೇ ತಾರೀಖು ನೋಡಿದ. ಅವನು ಬರೆದಿದ್ದ ಹನ್ನೊಂದಕ್ಕೂ ಬೊಟ್ಟಿತ್ತು. ನೋಡೇಬಿಡೋಣವೆಂದು ಒಂದು ಗುದ್ದು ಗುದ್ದಿದ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಪಾಳಿಯ ಹೊತ್ತು ನೋಡಿದ: ಏಳು. ಪಕ್ಕೆಯ ಮುಚ್ಚಳ ಬಿಚ್ಚಿದರೆ ಒಳಗೊಂದು ಸರ್ಕ್ಯೂಟ್ ಹಲಗೆ ಸಡಿಲವಾಗಿ ಅಲ್ಲಾಡುತ್ತಿತ್ತು. ಗುದ್ದಿದಾಗೆಲ್ಲ ಅದರ ಸಂಪರ್ಕ ತಪ್ಪಿ, ಯಂತ್ರ ಹೊಸದನ್ನು ಮರೆತು ಹಳೆಯ ಹೊತ್ತಿಗೇ ಮರಳುತ್ತಿತ್ತು.

"ಯಾ ಅಲ್ಲಾ!" ಎಂದು ಹೊರಗೆ ಓಡಿದರೆ ವೀರಬಸಪ್ಪನ ಜನ ಆಗಲೇ ಟೆಂಪೋ ಹತ್ತಿ ಅಮೃತಹಳ್ಳಿಗೆ ಹೋಗಿಯಾಗಿತ್ತು.

ಸ್ಕೂಟರಿನಲ್ಲಿ ಅವನು ತಲುಪುವಷ್ಟರಲ್ಲಿ ಮುನಿಆಂಜಿನಪ್ಪನನ್ನು ಅಂಗಳಕ್ಕೆ ಎಳೆದುಹಾಕಿದ್ದರು. ಹೆಂಡತಿ ಸೊಣ್ಣಮ್ಮ ಕುಡುಗೋಲು ಹಿಡಿದು ಅಡ್ಡ ನಿಂತಿದ್ದಳು. ಬಂದವರಲ್ಲೊಬ್ಬನ ತೋಳಿನಿಂದ ರಕ್ತ ಸುರಿಯುತ್ತಿತ್ತು. ವೀರಬಸಪ್ಪನ ಕೈಯಲ್ಲಿ ದೊಡ್ಡ ಸ್ಪ್ಯಾನರ್.

"ನಿಲ್ಲಿಸ್ರೋ! ಅವ್ರಲ್ಲ, ನಾನು ಕಣ್ರೋ! ನಾನು ಗುದ್ದಿದಾಗೆಲ್ಲ ಟೈಮು ಹಿಂದಕ್ಕೆ ಹೋಗ್ತಿತ್ತು. ಇವ್ರಿಗೆ ಸುಮ್‌ಸುಮ್ನೆ ಹೊಡ್ದೆ!"

ಎಲ್ಲರೂ ಅವನ ಮೇಲೆ ಬಿದ್ದರು. ಹುಟ್ಟಿದಾರಭ್ಯ ಮೊದಲ ಬಾರಿಗೆ ಮಂಜೂರ್ ಕೈ ಎತ್ತಲಿಲ್ಲ. ಪಕ್ಕೆಲುಬು ಮುರಿದವು, ದವಡೆ ಸೊಟ್ಟಗಾಯಿತು. ವೀರಬಸಪ್ಪ ಅವನ ಬಲಗೈಯನ್ನು ಒಗೆಯುವ ಕಲ್ಲಿನ ಮೇಲಿಟ್ಟು ಸ್ಪ್ಯಾನರಿನಿಂದ ಜಜ್ಜಿದ.

"ಸಾಕು ಬಿಡ್ರೋ, ಸತ್ತೋಗ್ತಾನೆ!" ಎಂದು ಕಿರುಚಿದವಳು ಸೊಣ್ಣಮ್ಮನೇ.

ಜನ ಚೆದುರಿದ ಮೇಲೆ ಮುನಿಆಂಜಿನಪ್ಪ ಎಡಗೈಯಲ್ಲಿ ಚೊಂಬು ಹಿಡಿದು ಅವನ ಬಾಯಿಗೆ ನೀರು ಬಿಟ್ಟ.

"ಅಣ್ಣಾ," ಎಂದ ಮಂಜೂರ್, ರಕ್ತ ಉಗಿಯುತ್ತ. "ನೀವು ಇಟ್ಟಿರೋ ಬೊಟ್ಟು ಹನ್ನೆರಡು. ಗುರುವಾರದ ತನಕ ಮಿಷನ್‌ಗೆ ಹೊಡ್ದಿದ್ದು ಹನ್ನೊಂದೇ ಸಲ."

"ಗುರುವಾರ ನನಗೆ ಒಡೆದ್ರಲ್ಲ ಸಾ. ಅದೂ ನಿಮ್ ಕೈಲಾದ ತಪ್ಪೇ ತಾನೆ? ಓಗೋ ಮುಂಚೆ ಎಡಗೈಲೇ ಇಟ್ಟೆ. ನಿಮ್ಮ ಪರವಾಗಿ ಅದಕ್ಕೂ ಒಂದ್ ಬಿಲ್ಲೆ ಅಚ್ಬೇಕಲ್ಲ."

ಮಂಜೂರ್ ಮಣ್ಣಿಗೆ ಮುಖ ಒತ್ತಿ ಅತ್ತ. ಅಪ್ಪನ ಏಟಿಗೂ ಅವನು ಹಾಗೆ ಅತ್ತಿರಲಿಲ್ಲ.

ಕೆಲಸ ಹೋಯಿತು. ಅಮಾವಾಸ್ಯೆಯ ಬೆಳಗ್ಗೆ ಕುಂಟುತ್ತ ಅಮೃತಹಳ್ಳಿಗೆ ಬಂದ. ಹೊಸಿಲ ಮುಂದೆ ಸೊಣ್ಣಮ್ಮ ಕರ್ಪೂರದ ಬಿಲ್ಲೆಗಳನ್ನು ಇಟ್ಟಿದ್ದಳು. ಶನಿವಾರದ ಗುದ್ದಿಗೂ ಒಂದು ಇಡಿ ಎಂದು ಮಂಜೂರನೇ ಹೇಳಿದ. ಇಬ್ಬರ ಬಲಗೈಗೂ ಪಟ್ಟಿ. ಬೆಂಕಿಪೊಟ್ಟಣವನ್ನು ಮಂಜೂರ್ ಎಡಗೈಯಲ್ಲಿ ಹಿಡಿದುಕೊಂಡ, ಮುನಿಆಂಜಿನಪ್ಪ ಎಡಗೈಯಲ್ಲಿ ಕಡ್ಡಿ ಗೀರಿದ.