ಚಿಂತಾಕಿಗೆ ರೈಲು

ಗೆಳೆಯರೇ, ನನ್ನ ರೈಲ್ವೆ ಇವತ್ತು ಸಗಣಿಯಡಿ ಹೋಯಿತು. ಬೀದರಿನ ನಮ್ಮ ಪುಟ್ಟ ಕೋಣೆಯಲ್ಲಿ ಆಟಿಕೆ ರೈಲು ಓಡಿಸಲೆಂದು ನಿನ್ನೆಯಿಡೀ ಕೂತು ನೆಲದ ಮೇಲೆ ಸುಣ್ಣದಲ್ಲಿ ಕಿರುಹಳಿಯ ನಕ್ಷೆ ಬರೆದಿದ್ದೆ. ಇವತ್ತು ಸೋಮವಾರ, ನೆಲ ಸಾರಿಸುವ ದಿನವೆಂಬುದು ಮರೆತೇಹೋಗಿತ್ತು. ಬೆಳಿಗ್ಗೆ ಹೆಂಡತಿ ನೆಲ ಸಾರಿಸಿಬಿಟ್ಟಳು!

ನಾನು ಕೂಗಾಡಿದೆ. "ಸುಮ್ಮ ಕೂಡ್ರಿ, ನಾನೇ ಹಳಿ ಬರೆದು ಕೊಡ್ತೇನಿ" ಎಂದು ರಂಗೋಲಿ ಹಿಡಿದಳು. ಅವಳ ಹಳಿ ಜೋಳದ ಕಣಜ ಸುತ್ತಿ, ಕಿಟಕಿಯ ಕೆಳಗೆ ನಿಂತಿತು.

"ಇದು ಯಾವ ಸ್ಟೇಷನ್?"

"ಚಿಂತಾಕಿ. ನನ್ನ ತವರುಮನಿ."

"ನಿಜಾಮರ ರೈಲೇ ಅಲ್ಲಿಗೆ ಹೋಗಂಗಿಲ್ಲ!"

"ನಿಮ್ಮದಾರ ಹೋಗ್ಲಿ ಬಿಡ್ರಿ."

"ವಾಪಸ್ ಬರೂದು ಯಾವಾಗ?"

"ನೀವು ಕರಿಲಾಕ ಬಂದಾಗ ನೋಡೋಣ್ರಿ."

ಅದಕ್ಕೇ ಮೊದಲ ಗಾಡಿಗೇ ನಾನೂ ಹತ್ತುವುದೆಂದು ತೀರ್ಮಾನಿಸಿದ್ದೇನೆ.