ಬಾವಿಯ ಬಾಯಲ್ಲಿ ಕರಿಯಕ್ಕನ ಕಿವಿ

ಚೈತ್ರ ಮುಗಿಯುತ್ತ ಬಂದಿದೆ. ನರಸಿಂಹರಾಜಪುರದ ಬಾವಿಗಳೆಲ್ಲ ತಳ ಕಂಡಿವೆ. ಮುಂಗಾರಿಗೆ ಮೊದಲು ಕೆಸರು ತೆಗೆಯಬೇಕು. ಪರಮೇಶ್ವರಪ್ಪನವರ ಅಂಗಡಿಯ ಹಿತ್ತಲಲ್ಲಿ ನಸುಕಿಗೇ ಕೆಲಸ ಹಿಡಿದಿದೆ. ಕೆಟ್ಟ ಗಾಳಿ ಕದಡಿ ಹೋಗಲೆಂದು ಸೊಪ್ಪಿನ ಹೊರೆಯನ್ನು ಹಗ್ಗಕ್ಕೆ ಕಟ್ಟಿ ಒಳಗೆ ಏರಿಳಿಸಿದ್ದಾಯಿತು. ಯುದ್ಧದಿಂದಾಗಿ ಸೀಮೆಎಣ್ಣೆ ಸಿಗುತ್ತಿಲ್ಲ, ಹೊಂಗೆಣ್ಣೆಯ ದೀಪ ಇಳಿಸಿ ನೋಡಿದ್ದೂ ಆಯಿತು. ಅದು ತಳದಲ್ಲಿ ಆರದೆ ಉರಿಯುತ್ತಿದೆ. ದೇವಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯುತ್ತಾನೆ. ಅವನ ಹೆಂಡತಿ ಕರಿಯಕ್ಕ ಕಟ್ಟೆಯ ಮೇಲೆ ಕೂತು ಬಾವಿಯೊಳಕ್ಕೆ ಕಿವಿ ಕೊಡುತ್ತಾಳೆ.

ಹಗ್ಗ ಎಳೆಯಲು ಇಬ್ಬರು ಆಳುಗಳಿದ್ದಾರೆ. ಕರಿಯಕ್ಕನ ಕೆಲಸ ಕೇಳಿಸಿಕೊಳ್ಳುವುದು. ಒಳಗಿದ್ದವನು ಮಾತಾಡುತ್ತಲೇ ಇರಬೇಕೆಂಬುದು ಈ ಗಂಡಹೆಂಡಿರ ಕಟ್ಟಳೆ. ನೆಂಟರ ಮೇಲಿನ ದೂರಾದರೂ ಸರಿ, ನಿನ್ನೆಯ ಸಾರಿನ ಉಪ್ಪಾದರೂ ಸರಿ. ದನಿ ಸಣ್ಣಗಾದರೆ, ಮಾತಿನ ನಡುವೆ ಸಿಳ್ಳೆಯಂಥ ಸದ್ದು ಸೇರಿದರೆ ಕರಿಯಕ್ಕ ಕೈ ಎತ್ತುತ್ತಾಳೆ, ಆಳುಗಳು ಅವನನ್ನು ಮೇಲಕ್ಕೆಳೆಯುತ್ತಾರೆ. ದೇವಪ್ಪನಿಗೆ ಚಿಕ್ಕಂದಿನಿಂದ ಉಬ್ಬಸ.

"ದೀಪ ನೋಡಿದರೆ ಸಾಲದೆ?" ಎಂದು ಯಾರಾದರೂ ಕೇಳಿದರೆ ಆಕೆ, "ದೀಪಕ್ಕೆ ಉಬ್ಬಸ ಇಲ್ಲ, ಇವ್ರಿಗೆ ಇದೆ" ಎನ್ನುತ್ತಾಳೆ.

ಕೊಪ್ಪದ ಡಾಕ್ಟರು ಒಮ್ಮೆ ಇವರಿಗೆ ತಿಳಿಸಿ ಹೇಳಿದ್ದಾರೆ. ಎದೆಯೊಳಗಿನ ಗಾಳಿಕೊಳವೆಗಳ ಸುತ್ತ ತೆಳುವಾದ ಮಾಂಸದ ಪಟ್ಟಿ ಇದೆಯಂತೆ. ಪ್ರಾಣವಾಯು ಸಾಲದೆ ಹೋದಾಗ ಒಬ್ಬರಲ್ಲಿ ಅದು ಸಡಿಲಬಹುದು, ಉಬ್ಬಸದವರಲ್ಲಿ ಬಿಗಿಯಲೂಬಹುದು. ಯಾರಿಗೆ ಯಾವಾಗ ಹೇಗೆಂದು ತಮಗೂ ಹೇಳಲಾಗದು, ಬಾವಿಗೆ ಇಳಿಯುವುದನ್ನೇ ಬಿಡು ಎಂದರು. "ಬಿಟ್ರೆ ಗಂಜಿಗೆ ಏನು ಮಾಡೋದು?" ಎಂದು ದೇವಪ್ಪ ಎದ್ದು ಬಂದ.

ಇವತ್ತಿನ ಜಗಳವೂ ಅದೇ. "ರಾತ್ರಿಯೆಲ್ಲ ಕೂತೇ ಉಸಿರಾಡಿದೀರಿ, ಇವತ್ತು ಬೇಡ" ಎಂದು ಕರಿಯಕ್ಕ ತಡೆದಿದ್ದಳು. ಅವನು ಕೇಳದೆ ಬಂದಿದ್ದಾನೆ. ಹಾಗಾಗಿ ಕೆಳಗಿನಿಂದ ಬರುವುದು ಬರೀ "ಹೂಂ". ಬುಟ್ಟಿಗಳು ಮೇಲೆ ಬರುತ್ತಿವೆ. ಆಮೇಲೆ ಆ "ಹೂಂ" ಕೂಡ ನಿಲ್ಲುತ್ತದೆ.

"ಎಂತ, ಮುನಿಸಾ?" ಕರಿಯಕ್ಕ ಬಗ್ಗಿ ಕೇಳುತ್ತಾಳೆ. ಉತ್ತರವಿಲ್ಲ.

"ಮುನಿಸೇ ಇರ್ಬೇಕು ಬಿಡು ಮಾರಾಯ್ತಿ" ಎನ್ನುತ್ತಾರೆ ಪರಮೇಶ್ವರಪ್ಪ. "ದೀಪ ಉರೀತಾ ಇದೆ. ನಿಮ್ಮನೆ ಜಗಳಕ್ಕೆ ನನ್ನ ಬಾವಿ ಯಾಕೆ ನಿಲ್ಲಿಸ್ತೀಯ? ಇನ್ನೇನು, ನಾಲ್ಕು ಬುಟ್ಟಿ."

ಕರಿಯಕ್ಕ ಕೈ ಎತ್ತುತ್ತಾಳೆ. "ಎಳೀರಿ."

ಮೇಲೆ ಬಂದ ದೇವಪ್ಪನ ತುಟಿ ನೀಲಿಗಟ್ಟಿದೆ. ಉಸಿರು ಒಳಗೆ ಹೋದದ್ದು ಹೊರಗೆ ಬರಲಾರದೆ ಎದೆ ಸುಯ್ಗುಡುತ್ತಿದೆ. ಆಕೆ ಅವನನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಅವನ ಅಂಗೈಗಳನ್ನು ಅವನ ಮಂಡಿಗೇ ಊರಿಸಿ, ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾಳೆ. ಬಿಸಿಲು ಹಿತ್ತಲಿಗೆ ಬರುವಷ್ಟರಲ್ಲಿ ಅವನಿಗೆ ಮಾತು ಬರುತ್ತದೆ.

"ಮುನಿಸೂ... ಇತ್ತು."

ಆಳುಗಳು ನಗುತ್ತಾರೆ. ಪರಮೇಶ್ವರಪ್ಪ ಬಾವಿಯತ್ತ ನೋಡುತ್ತಾರೆ. ನೀರು ತಿಳಿಯಾದ ಮೇಲೆಯೇ ಕೂಲಿಯ ಭತ್ತ ಅಳೆಯುವುದು ಊರಿನ ವಾಡಿಕೆ. ಅರ್ಧ ಕೆಲಸಕ್ಕೆ ಅಳತೆಯಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಸಂಕೋಚ.

ಕರಿಯಕ್ಕ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾಳೆ. "ಕೆಸರು ಬಾವಿಯಲ್ಲಿರಲಿ, ಭತ್ತ ನಿಮ್ಮ ಕಣಜದಲ್ಲಿರಲಿ ಅಯ್ಯ. ಇವ್ರನ್ನ ಮನೆಗೆ ಕರ್ಕೊಂಡು ಹೋಗ್ತೀನಿ."