ಲೆಗಿಯ ಹಾಡಿಗೆ ಒಡೆಯರು ಯಾರು

ಕ್ಲಾಟೆನ್ ಜಿಲ್ಲಾ ನ್ಯಾಯಾಲಯದಲ್ಲಿ ಮೂವತ್ತೊಂದು ವರ್ಷ ಬೆರಳಚ್ಚು ಕುಟ್ಟಿದ ಕಸ್ಮುರಿಗೆ ನಿವೃತ್ತಿಯಾದ ಮೇಲೂ ಕಾನೂನಿನ ಹುಚ್ಚು ಬಿಡಲಿಲ್ಲ. ಹೆಂಡತಿ ತುಮಿರಾ ಮನೆಯ ಮುಂದೆ ಕಾಫಿ ಅಂಗಡಿ ಇಟ್ಟಿದ್ದಳು. ಅವಳು ಒಳಗೆ ಸೋಯಾ ಕಾಳಿನ ತೆಂಪೆ ಕರಿಯುತ್ತಿದ್ದರೆ ಇವನು ಹೊರಗಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಬಂದವರಿಗೆ ಕಾಫಿಯ ಜೊತೆ ಅಭಿಪ್ರಾಯವನ್ನೂ ಬಿಟ್ಟಿಯಾಗಿ ಕೊಡುತ್ತಿದ್ದ.

ಸರ್ಕಾರ ಯಾವುದೋ ಜಾಲತಾಣವನ್ನು ಮುಚ್ಚಿಸಿದೆ ಎಂದು ಯಾರಾದರೂ ಹೇಳಿದರೆ, "ಅದನ್ನ ತೆಗೆಯೋ ಕಳ್ಳದಾರಿ ನಮ್ಮ ಬೀದಿ ಮಕ್ಕಳಿಗೆಲ್ಲ ಗೊತ್ತು. ಗೊತ್ತಿಲ್ದೆ ಇರೋದು ಮಂತ್ರಿಗಳೊಬ್ಬರಿಗೇ" ಎನ್ನುತ್ತಿದ್ದ. ಮೊಬೈಲಿನಲ್ಲಿ 'ಒಪ್ಪಿದ್ದೇನೆ' ಒತ್ತುವವರನ್ನು ಕಂಡರಂತೂ ಉರಿದುಬೀಳುತ್ತಿದ್ದ. "ಓದಿ ಹೇಳ್ದೆ ಒಬ್ಬ ಕಳ್ಳನ ಸಹಿ ತಗೊಂಡಿದ್ರೂ ಜಡ್ಜ್ ಸಾಹೇಬ್ರು ನನ್ನ ಮನೆಗೆ ಕಳಿಸ್ತಿದ್ರು. ನೀವು ದಿನಕ್ಕೆ ಹತ್ತು ಸಲ ಒತ್ತುತೀರಲ್ರೋ!" ಎಂದು ಬೈಯುತ್ತಿದ್ದ.

ಹಾಗೆಂದು ಕಾನೂನನ್ನು ಮುರಿಯುವವನಲ್ಲ. ಹಾಡು ಹಾಕುವ ಅಂಗಡಿಗಳೆಲ್ಲ ಹಾಡು ಕಟ್ಟಿದವರಿಗೆ ಸಂಭಾವನೆ ಕೊಡಬೇಕೆಂಬ ಸುತ್ತೋಲೆ ಬಂದ ದಿನವೇ ರೇಡಿಯೋ ಕಿವಿ ತಿರುಪಿ ಆರಿಸಿದ. "ಹಾಡು ಕಟ್ಟಿದವನಿಗೂ ಹೊಟ್ಟೆ ಇದೆ. ಕೊಡೋಕಾಗದಿದ್ರೆ ಕೇಳಬಾರದು, ಅಷ್ಟೇ" ಎಂದ. ರೇಡಿಯೋ ಇದ್ದ ಮೊಳೆಗೆ ಲೆಗಿಯ ಪಂಜರ ತಂದು ನೇತುಹಾಕಿದ.

ಲೆಗಿ ಎಂದರೆ ಹಾಡಿಗೆ ಹೆಸರಾದ ಮುರಾಯ್ ಹಕ್ಕಿ. ಕಪ್ಪು ಬೆನ್ನು, ಕೆಂಪು ಹೊಟ್ಟೆ, ಮಾರುದ್ದ ಗರ್ವ. ಅಲ್ಲಿನ ಐದು ದಿನದ ವಾರದಲ್ಲಿ ಲೆಗಿ ಎಂಬ ಸಂತೆಯ ದಿನ ಕೊಂಡದ್ದಕ್ಕೆ ಅದೇ ಹೆಸರು. ಅದರ ದನಿ ಕೇಳದೆ ಕಸ್ಮುರಿಗೆ ಬೆಳಗಾಗುತ್ತಿರಲಿಲ್ಲ. ಕಚೇರಿ ಬಿಟ್ಟ ಹೊಸದರಲ್ಲಿ ಹಾಸಿಗೆಯಿಂದ ಏಳಲೂ ಮನಸ್ಸಿಲ್ಲದೆ ಬಿದ್ದಿದ್ದವನನ್ನು ಎಬ್ಬಿಸಿ ಕೂರಿಸಿದ್ದು ಆ ಹಕ್ಕಿಯೇ.

ಒಂದು ಬೆಳಿಗ್ಗೆ ಸಂಭಾವನೆ ವಸೂಲಿ ಕಚೇರಿಯಿಂದ ರತ್ರಿ ಎಂಬ ಹುಡುಗಿ ತಪಾಸಣೆಗೆ ಬಂದಳು. ರೇಡಿಯೋ ಇಲ್ಲ, ಟಿ.ವಿ. ಇಲ್ಲ. ಕಾಫಿ ಕುಡಿದು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಲೆಗಿ ಶುರುಮಾಡಿತು.

"ಅಬ್ಬಾ, ಎಷ್ಟು ಚೆನ್ನಾಗಿ ಹಾಡತ್ತೆ ಪಾಕ್!" ಎಂದಳು ರತ್ರಿ, ಹಿರಿಯರನ್ನು ಅಲ್ಲಿ ಕರೆಯುವ ರೀತಿಯಲ್ಲಿ.

ಹಕ್ಕಿ ಸಾಕಿದವನನ್ನು ಹೊಗಳಿ ಸುಮ್ಮನಿರಿಸಲು ಆ ಊರಿನಲ್ಲಿ ಯಾರಿಗೂ ಸಾಧ್ಯವಿಲ್ಲ. "ಸುಮ್ನೆ ಬಂತೇನಮ್ಮಾ? ಮರಿ ಇದ್ದಾಗ ಹಿತ್ತಲಲ್ಲಿ ಪಂಜರಕ್ಕೆ ಬಟ್ಟೆ ಹೊದಿಸಿ, ಆರು ತಿಂಗಳು ಸ್ರಾಗೆನ್ ಊರಿನ, ಹಾಡೋ ಪಂದ್ಯ ಗೆದ್ದ ಹಕ್ಕಿಯ ಧ್ವನಿಮುದ್ರಣ ಕೇಳಿಸಿದೀನಿ. ಬೆಳಿಗ್ಗೆ ಸಂಜೆ ತಪ್ಪಿಸಿಲ್ಲ. ಪೂರಾ ನಕಲು!" ಎಂದು ಎದೆಯುಬ್ಬಿಸಿದ.

ಒಳಗೆ ತುಮಿರಾ ಹಣೆ ಚಚ್ಚಿಕೊಂಡಳು. ರತ್ರಿಯ ಮುಖ ಬಾಡಿತು. "ಪಾಕ್, ಇದನ್ನ ನನ್ನ ಹತ್ರ ಯಾಕೆ ಹೇಳಿದ್ರಿ? ಈಗ ಬರ್ಕೊಳ್ಳಲೇಬೇಕು" ಎಂದು ಲೇಖನಿ ತೆಗೆದಳು.

ವಾರದಲ್ಲಿ ನೋಟಿಸು ಬಂತು. ಅದರಲ್ಲಿ ಲೆಗಿಯನ್ನು 'ಧ್ವನಿ ಸಾಧನ, ಜೀವಂತ' ಎಂದು ನಮೂದಿಸಿದ್ದರು. ಮೂಲ ಧ್ವನಿಯ ಒಡೆಯರ ಒಪ್ಪಿಗೆ ತೋರಿಸುವ ತನಕ ಗಿರಾಕಿಗಳ ಕಿವಿಗೆ ಬೀಳದಂತೆ ಇಡಬೇಕು, ತಪ್ಪಿದರೆ ಸಾಧನವನ್ನು ವಶಕ್ಕೆ ತೆಗೆದುಕೊಳ್ಳಲಾಗುವುದು.

"ಸಾಧನವಂತೆ! ಮೊಟ್ಟೆ ಒಡ್ಕೊಂಡು ಬಂದಿದ್ದನ್ನ ಸಾಧನ ಅಂತಾರೆ" ಎಂದು ಕಸ್ಮುರಿ ಕೂಗಾಡಿದ.

"ಕಾನೂನು ಗೊತ್ತಿರೋರು ನೀವೇ ಅಲ್ವಾ ಪಾಕ್ನೆ? ಬಾಯಿ ಮುಚ್ಕೊಂಡಿರೋ ಕಾನೂನು ಒಂದು ಕಲೀಲಿಲ್ಲ" ಎಂದಳು ತುಮಿರಾ. ಗಂಡನನ್ನು ಅವಳು ಕರೆಯುವುದು 'ಪಾಕ್ನೆ' ಎಂದು, ಅವನು ಅವಳನ್ನು 'ಬುನೆ' ಎಂದು.

ಲೆಗಿಯನ್ನು ಒಳಕೋಣೆಯಲ್ಲಿಟ್ಟು ಬಟ್ಟೆ ಮುಚ್ಚಿದರು. ಮೂರನೆಯ ದಿನ ಅದು ಹಾಡು ನಿಲ್ಲಿಸಿತು. ಐದನೆಯ ದಿನ ಜೀರುಂಡೆ ಹಾಕಿದರೂ ಮೂಸಲಿಲ್ಲ. ಕಸ್ಮುರಿ ಹೆದರಿಹೋದ. ನಕಲು ಮಾಡಿದ್ದು ನಿಜ ಎಂದು ಒಪ್ಪಿಕೊಂಡು ಸ್ರಾಗೆನ್‌ನ ವಿಗ್ನ್ಯೋಗೆ, ಅಂದರೆ ಆ ಗೆದ್ದ ಹಕ್ಕಿಯ ಯಜಮಾನನಿಗೆ, ಕೈಬರಹದಲ್ಲೇ ಪತ್ರ ಬರೆದ. ಆತ ಒಪ್ಪದಿದ್ದರೆ ಲೆಗಿಯನ್ನು ಕಾಡಿಗೆ ಬಿಡುವುದು, ಇಲ್ಲವೇ ಹೀಗೇ ಕತ್ತಲಲ್ಲಿ ಸಾಯಲು ಬಿಡುವುದು, ಬೇರೆ ದಾರಿಯಿರಲಿಲ್ಲ.

ವಿಗ್ನ್ಯೋ ಉತ್ತರ ಬರೆಯಲಿಲ್ಲ, ತಾನೇ ಮೋಟಾರ್ ಬೈಕಿನಲ್ಲಿ ಬಂದ. ಎಪ್ಪತ್ತು ದಾಟಿದ ಮುದುಕ. ಕಸ್ಮುರಿ ಹೇಳಿಕಳಿಸಿದ್ದಕ್ಕೆ ರತ್ರಿಯೂ ಒಪ್ಪಿಗೆಯ ಅರ್ಜಿ ಹಿಡಿದು ಬಂದಳು. ಪಂಜರವನ್ನು ಮತ್ತೆ ಮೊಳೆಗೆ ಹಾಕಿ ಬಟ್ಟೆ ತೆಗೆದರು. ಲೆಗಿ ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿತು. ಕಾಫಿ ಆರಿತು.

ತುಮಿರಾ ಸೌಟು ಹಿಡಿದೇ ಹೊರಗೆ ಬಂದಳು. "ಹಾಡೋ ಮಾರಾಯ. ಬಂದೋರೆದುರು ಮಾನ ಉಳಿಸು" ಎಂದಳು. ಲೆಗಿ ಅವಳತ್ತ ಕತ್ತು ತಿರುಗಿಸಿ, ಬಾಲ ಕುಣಿಸಿ, ಬಾಯಿ ತೆರೆಯಿತು.

ವಿಗ್ನ್ಯೋ ಕಣ್ಣು ಮುಚ್ಚಿ ಕೇಳಿದ. "ಈ ಎತ್ತುಗಡೆ ನಂದೇ" ಎಂದ. ಕಸ್ಮುರಿ ಬೆಂಚಿನಿಂದ ಎದ್ದು ನಿಂತ. ಇನ್ನಷ್ಟು ಕೇಳಿ ಮುದುಕ ನಗತೊಡಗಿದ. "ಇದೂ ನಂದೇ. ಆದ್ರೆ ನನ್ನ ಹಕ್ಕಿ ಇದನ್ನ ಕಲ್ತಿದ್ದು ನಮ್ಮನೆ ಅಕ್ಕಿ ಡಬ್ಬಿ ಹಿಂದಿದ್ದ ಜೀರುಂಡೆಯಿಂದ. ಆ ಬಡಪಾಯಿನ ನಾನೇನು ಕೇಳಿದ್ನಾ? ಬರ್ಕೊಳಮ್ಮಾ, ನನ್ನದು ಯಾವ ತಕರಾರೂ ಇಲ್ಲ."

ಕಸ್ಮುರಿ ಮುದುಕನ ಎರಡೂ ಕೈ ಹಿಡಿದುಕೊಂಡ. ಅಷ್ಟರಲ್ಲಿ ಲೆಗಿ ತಗ್ಗಿನ ದನಿಯಲ್ಲಿ ಇನ್ನೊಂದು ಹಾಡು ತೆಗೆಯಿತು. ಉರುಳಿಕೊಂಡು ಬಂದು ಕೊನೆಯಲ್ಲಿ ಮೆಲ್ಲಗೆ ಮೇಲೇಳುವ ದನಿ. ಕಸ್ಮುರಿಗೆ ಎಲ್ಲಕ್ಕಿಂತ ಪ್ರೀತಿಯದು ಅದೇ.

"ತಡೀರಿ, ಇದು ನಂದಲ್ಲ. ಪಂದ್ಯ ಗೆಲ್ಲೋ ಹಾಡು ಇದು. ಯಾವ ಹಕ್ಕಿದು?" ಎಂದ ವಿಗ್ನ್ಯೋ.

ಕಸ್ಮುರಿ ತಬ್ಬಿಬ್ಬಾದ. ಬೇರೆ ಯಾವ ಹಕ್ಕಿಯನ್ನೂ ಅವನು ಕೇಳಿಸಿರಲಿಲ್ಲ. ಆಗ ಹಿತ್ತಲಿನಿಂದ ತುಮಿರಾಳ ಕೋಳಿಗಳು ಬಿದ್ದೂ ಎದ್ದೂ ಓಡಿಬಂದು, ಪಂಜರದ ಕೆಳಗೆ ಕತ್ತೆತ್ತಿ ನಿಂತು, ಕಾಳಿಗಾಗಿ ಕಾದವು.

ಮೊದಲು ನಕ್ಕವಳು ರತ್ರಿ. ಆರು ತಿಂಗಳು ಹಿತ್ತಲಲ್ಲಿ, ಆ ಬಟ್ಟೆಯ ಆಚೆ, ದಿನಕ್ಕೆರಡು ಸಲ ಕೋಳಿ ಕರೆದವರು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಹೆಂಡತಿಯ ದನಿಯನ್ನು ಕೇಳಿ ಕೇಳಿ ಕಿವಿಗೆ ತಾಗದಂತಾಗಿದ್ದ ಕಸ್ಮುರಿ, ಅದನ್ನೇ ಹಕ್ಕಿಯ ಬಾಯಲ್ಲಿ ಕೇಳಲು ಮೂರು ವರ್ಷದಿಂದ ಬೆಳಿಗ್ಗೆ ಎದ್ದು ಕೂರುತ್ತಿದ್ದ. ಅವನಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

"ಹಾಗಿದ್ರೆ ಇದಕ್ಕೂ ಒಡೆಯರ ಹೆಸರು ಬೇಕು ಪಾಕ್" ಎಂದು ರತ್ರಿ ಅರ್ಜಿ ಚಾಚಿದಳು. ಕಸ್ಮುರಿ ದುಂಡಗೆ 'ತುಮಿರಾ' ಎಂದು ಬರೆದ. ಕೆಳಗಿನ ಸಾಲಿನಲ್ಲಿ, ಬಳಸಲು ಒಡೆಯರ ಅನುಮತಿ ಇದೆಯೇ ಎಂದು ಕೇಳಿತ್ತು. ಸುಳ್ಳು ಬರೆದು ಅಭ್ಯಾಸವಿಲ್ಲ. 'ಇಲ್ಲ' ಎಂದು ಬರೆದ.

"ಮೂರು ವರ್ಷ ನಿನ್ನನ್ನ ಒಂದು ಮಾತೂ ಕೇಳ್ಲಿಲ್ಲ ಬುನೆ" ಎಂದ.

"ಮೂರಂತೆ! ಮದುವೆ ಆದಾಗಿಂದ ಲೆಕ್ಕ ಹಾಕಿ."

"ಹೌದು, ಮೂವತ್ತಾರು. ನೀನಿಲ್ದೆ ಇದ್ದಿದ್ರೆ ನನಗೆ ಬೆಳಗಾಗ್ತಾನೇ ಇರ್ಲಿಲ್ಲ. ಇದನ್ನ ಯಾವತ್ತೋ ಹೇಳ್ಬೇಕಿತ್ತು" ಎಂದ ಕಸ್ಮುರಿ.

ತುಮಿರಾ ಸೌಟನ್ನು ವಿಗ್ನ್ಯೋನ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಗಂಡನ ಕೈಯಿಂದ ಲೇಖನಿ ಕಿತ್ತುಕೊಂಡಳು. 'ಇಲ್ಲ' ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ 'ಕೊಟ್ಟಿದ್ದೇನೆ' ಎಂದು ಬರೆದಳು.